ಪ್ರೋಬಯಾಟಿಕ್ ಪುಡಿಯೋ, ಮನೆಯ ಮಜ್ಜಿಗೆಯೋ, ಬರೀ ಓಆರ್‌ಎಸ್ ಸಾಕೋ? ದೊಡ್ಡ ಕಾಯಿಲೆಯಿರುವ ಮಕ್ಕಳ ಮನೆಯವರಿಗೊಂದು ಹೋಲಿಕೆ

ಆರಿದ್ರಾ ಮಳೆ ಹಿಡಿದ ಮೇಲೆ ತೀರ್ಥಹಳ್ಳಿಯ ನಮ್ಮ ಔಷಧಿ ಅಂಗಡಿಗೆ ಬರುವ ಮಕ್ಕಳ ಚೀಟಿಗಳಲ್ಲಿ ಭೇದಿಯವೇ ಹೆಚ್ಚು. ಆ ಚೀಟಿಗಳಲ್ಲಿ ಸಾಮಾನ್ಯವಾಗಿ ಮೂರು ಹೆಸರುಗಳಿರುತ್ತವೆ: ಓಆರ್‌ಎಸ್, ಜಿಂಕ್ ಮತ್ತು ಒಂದು ಪ್ರೋಬಯಾಟಿಕ್. ಮೊದಲ ಎರಡನ್ನು ಮನೆಯವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಮೂರನೆಯದನ್ನು ಮಾತ್ರ ಮುಂದಿನ ಸಲ ಚೀಟಿಯಿಲ್ಲದೆಯೇ ಕೇಳಿ ಒಯ್ಯುತ್ತಾರೆ, ಪಕ್ಕದ ಮನೆಯ ಮಗುವಿಗೂ ಹೇಳುತ್ತಾರೆ. ಆರೋಗ್ಯವಾಗಿ ಓಡಾಡಿಕೊಂಡಿದ್ದ ಮಗು ನಾಲ್ಕು ದಿನ ಅದನ್ನು ಕುಡಿದರೆ ಆಗುವ ಲಾಭ ಅಷ್ಟಕ್ಕಷ್ಟೇ, ನಷ್ಟವೂ ಹೆಚ್ಚಿನ ಮಟ್ಟಿಗೆ ಜೇಬಿನದ್ದೇ. ಹಾಗಾಗಿ ಅಂಥ ಮಕ್ಕಳ ಬಗ್ಗೆ ಇಲ್ಲಿ ಬರೆಯುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಆಗುಂಬೆಯ ಕಡೆಯಿಂದ ಬಂದ ಅಜ್ಜಿಯೊಬ್ಬರು ಇದೇ ಪುಡಿಯ ಎರಡು ಪ್ಯಾಕೆಟ್ ಕೇಳಿದರು. ಮಗುವಿಗೆ ಏನಾಗಿದೆ ಅಜ್ಜಿ ಎಂದು ಕೇಳಿದ್ದಕ್ಕೆ, "ಮಣಿಪಾಲದಲ್ಲಿ ರಕ್ತದ ಕ್ಯಾನ್ಸರಿಗೆ ಇಂಜೆಕ್ಷನ್ ಆಗ್ತಾ ಉಂಟು ಮಾರಾಯಾ, ಎದೆಗೆ ಎಂಥದೋ ಪೋರ್ಟ್ ಅಂತ ಹಾಕಿದ್ದಾರೆ. ನಿನ್ನೆಯಿಂದ ಹೊಟ್ಟೆ ಕೆಟ್ಟಿದೆ. ಹೋದ ವರ್ಷ ಮೊಮ್ಮಗಳಿಗೆ ಕೊಟ್ಟಿದ್ದೆಯಲ್ಲ, ಅದೇ ಕೊಡು" ಎಂದರು. ಮೊಮ್ಮಗಳಿಗೆ ಕೊಟ್ಟಿದ್ದ ಆ ಪುಡಿ ಮೊಮ್ಮಗನ ಮಟ್ಟಿಗೆ ಬೇರೆಯೇ ವಸ್ತು. ಡಿಸ್‌ಚಾರ್ಜ್ ಪುಸ್ತಕದಲ್ಲಿದ್ದ ವಾರ್ಡಿನ ಸಂಖ್ಯೆಗೆ ಕರೆ ಮಾಡಿ ಕೇಳಿದಾಗ ಬಂದ ಉತ್ತರ ಸ್ಪಷ್ಟವಾಗಿತ್ತು: ಜೀವಂತ ಸೂಕ್ಷ್ಮಜೀವಿಯಿರುವ ಯಾವುದನ್ನೂ ಕೊಡಬೇಡಿ, ಓಆರ್‌ಎಸ್ ಕುಡಿಸಿ, ಜ್ವರವಿದ್ದರೆ ರಾತ್ರಿಯಾದರೂ ಸರಿ ಹೊರಟು ಬನ್ನಿ. ಅಂದಿನಿಂದ ಪ್ರೋಬಯಾಟಿಕ್ ಕೇಳಿ ಬರುವವರಿಗೆ ಯಾವ ಕಂಪನಿಯದು ಬೇಕು ಎಂದು ಕೇಳುವ ಮೊದಲು ಯಾವ ಮಗುವಿಗೆ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಈ ಹೋಲಿಕೆಯೂ ಅದೇ ಕ್ರಮದಲ್ಲಿದೆ.

ಪುಡಿಯೊಳಗಿರುವುದು ಜೀವ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ತಕ್ಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯಾಟಿಕ್‌ಗಳು. ಇಲ್ಲಿ 'ಜೀವಂತ' ಎಂಬ ಪದವನ್ನು ಹಗುರವಾಗಿ ದಾಟುವಂತಿಲ್ಲ. ಜ್ವರದ ಔಷಧಿಯನ್ನು ಕುಡಿಸಿದರೆ ಕೆಲವು ಗಂಟೆಗಳಲ್ಲಿ ದೇಹ ಅದನ್ನು ಕರಗಿಸಿ ಹೊರಹಾಕುತ್ತದೆ. ಹೆಪ್ಪು ಹಾಗಲ್ಲ. ಒಂದು ಚಮಚ ಹೆಪ್ಪು ಬೆಳಗಾಗುವುದರೊಳಗೆ ಒಂದು ಪಾತ್ರೆ ಹಾಲನ್ನು ಮೊಸರಾಗಿಸುತ್ತದೆ, ಏಕೆಂದರೆ ಅದು ಬೆಳೆಯುತ್ತದೆ. ಪ್ರೋಬಯಾಟಿಕ್ ಪ್ಯಾಕೆಟ್ಟಿನಲ್ಲಿರುವುದೂ ಅಂಥದ್ದೇ: ಹಸನಾದ ಜಾಗ ಸಿಕ್ಕಿದರೆ ಬೆಳೆಯುವ, ನೂರು ಕೋಟಿಗಳ ಲೆಕ್ಕದಲ್ಲಿ ತುಂಬಿದ ಜೀವಿಗಳು.

ಗಟ್ಟಿಮುಟ್ಟಾದ ಮಗುವಿನಲ್ಲಿ ಅವು ಕರುಳಿನ ಒಳಗೇ ಉಳಿದು ಕೆಲವು ದಿನಗಳಲ್ಲಿ ಮಲದ ಜೊತೆ ಹೋಗಿಬಿಡುತ್ತವೆ. ಕರುಳಿನ ಗೋಡೆ ಗಟ್ಟಿಯಾಗಿರುವುದು ಮತ್ತು ಗೋಡೆ ದಾಟಿದ ಒಂದೆರಡನ್ನು ಬಿಳಿ ರಕ್ತಕಣಗಳು ಮುಗಿಸುವುದು ಇದಕ್ಕೆ ಕಾರಣ. ದಿನ ತುಂಬದೆ ಹುಟ್ಟಿದ ಮಗುವಿನಲ್ಲಿ ಆ ಗೋಡೆ ಇನ್ನೂ ಬಲಿತಿರುವುದಿಲ್ಲ. ಕೀಮೋ, ಅಂದರೆ ಕ್ಯಾನ್ಸರಿನ ಔಷಧಿ, ಪಡೆಯುವ ಮಗುವಿನಲ್ಲಿ ಗೋಡೆಯೂ ಹುಣ್ಣಾಗಿರುತ್ತದೆ, ಕಾವಲಿನ ಬಿಳಿ ಕಣಗಳೂ ಕುಸಿದಿರುತ್ತವೆ. ಇವೆರಡೂ ಒಳಗಿನ ದಾರಿಗಳು. ಮನೆಯವರ ಲಕ್ಷ್ಯಕ್ಕೆ ಬಾರದ ಹೊರಗಿನ ದಾರಿಯೊಂದಿದೆ. ಎದೆ, ಕುತ್ತಿಗೆ ಅಥವಾ ತೋಳಿನ ಮೂಲಕ ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ಕೊಳವೆ, ಅಂದರೆ ಆಸ್ಪತ್ರೆಯವರು ಸೆಂಟ್ರಲ್ ಲೈನ್, ಪಿಕ್ ಲೈನ್, ಪೋರ್ಟ್ ಎಂದು ಕರೆಯುವುದು, ಸೂಕ್ಷ್ಮಜೀವಿಗೆ ನೇರವಾಗಿ ರಕ್ತಕ್ಕಿಳಿಯುವ ಬಾಗಿಲು. ಪುಡಿ ಬಿಡಿಸಿದ ಬೆರಳುಗಳೇ ಆ ಕೊಳವೆಯ ಮುಚ್ಚಳ ಮುಟ್ಟಿದರೆ ಮಗು ಪುಡಿಯನ್ನು ಕುಡಿಯದಿದ್ದರೂ ಸೋಂಕು ತಗಲಬಹುದು.

ಇದನ್ನು ಬರೀ ಊಹೆ ಎನ್ನುವಂತಿಲ್ಲ. ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ತೀವ್ರ ನಿಗಾ ಘಟಕದ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಪ್ರೋಬಯಾಟಿಕ್ ಪಡೆದ 522 ರೋಗಿಗಳ ಪೈಕಿ 6 ಮಂದಿಯ ರಕ್ತದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬೆಳೆದಿತ್ತು. ಪ್ರೋಬಯಾಟಿಕ್ ಪಡೆಯದ 21,652 ಮಂದಿಯಲ್ಲಿ ಹಾಗಾದದ್ದು ಇಬ್ಬರಿಗೆ ಮಾತ್ರ. ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಕ್ಯಾಪ್ಸೂಲಿನಲ್ಲಿದ್ದವುಗಳ ಜೊತೆ ಹೋಲಿಸಿದಾಗ ಎರಡನ್ನೂ ಬೇರೆ ಎಂದು ಗುರುತಿಸಲಾಗದಷ್ಟು ಹೊಂದಿಕೆಯಿತ್ತು. ಒಬ್ಬ ರೋಗಿಯ ದೇಹದಲ್ಲಿ ಅದು ಆ್ಯಂಟಿಬಯಾಟಿಕ್ ಒಂದಕ್ಕೆ ಜಗ್ಗದ ಗುಣವನ್ನೂ ಹೊಸದಾಗಿ ಗಳಿಸಿಕೊಂಡಿತ್ತು. ನೂರಕ್ಕೆ ಒಬ್ಬರು ಎಂಬುದು ಕೇಳಲು ಚಿಕ್ಕ ಸಂಖ್ಯೆ. ಆದರೆ ಹೊಟ್ಟೆ ಹಗುರಾಗಲಿ ಎಂದು ಕೊಡುವ ಪುಡಿಗೆ ತೆರಬೇಕಾದ ಬೆಲೆಯಾಗಿ ನೋಡಿದರೆ ಅದು ಚಿಕ್ಕದಲ್ಲ.

ಕಪಾಟಿನಲ್ಲಿರುವವುಗಳ ಹೋಲಿಕೆ

ಹಳದಿ, ನೀಲಿ, ಹಸಿರು ಡಬ್ಬಿಗಳು ಎಷ್ಟೇ ಇರಲಿ, ಒಳಗಿರುವ ಜೀವಿಯನ್ನು ನೋಡಿದರೆ ಗುಂಪುಗಳು ಕೆಲವೇ.

ಲ್ಯಾಕ್ಟೋಬ್ಯಾಸಿಲಸ್ ಗುಂಪಿನಲ್ಲಿ ಹೆಚ್ಚು ಅಭ್ಯಾಸಕ್ಕೊಳಗಾದದ್ದು ರಾಮ್ನೋಸಸ್ ಜಿಜಿ ಎಂಬ ತಳಿ. ಆ್ಯಂಟಿಬಯಾಟಿಕ್ ಕೊಟ್ಟಾಗ ಬರುವ ಭೇದಿಯನ್ನು ತಡೆಯುವುದರಲ್ಲಿ ಪ್ರೋಬಯಾಟಿಕ್‌ಗಳಿಗೆ ಒಳ್ಳೆಯ ಆಧಾರವಿದೆ. 6,352 ಮಕ್ಕಳ ಮೇಲಿನ 33 ಪ್ರಯೋಗಗಳನ್ನು ಒಟ್ಟುಗೂಡಿಸಿ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲ ಮಾಡಿದ 2019ರ ವಿಮರ್ಶೆಯಲ್ಲಿ ಅಂಥ ಭೇದಿ ಶೇ. 19ರಿಂದ ಶೇ. 8ಕ್ಕೆ ಇಳಿದದ್ದು ಕಾಣುತ್ತದೆ. ಆ ವಿಮರ್ಶೆಯನ್ನು ತೋರಿಸಿ ಪುಡಿ ಮಾರುವವರು ಅದರದ್ದೇ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ: ತೀರಾ ನಿತ್ರಾಣವಾದ ಮಕ್ಕಳಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಹಾಗೂ ಸೆಂಟ್ರಲ್ ಲೈನ್ ಇರುವವರಲ್ಲಿ ಗಂಭೀರ ತೊಂದರೆಗಳು ವರದಿಯಾಗಿವೆ ಎಂಬ ಎಚ್ಚರಿಕೆ ಅದೇ ವಿಮರ್ಶೆಯಲ್ಲಿದೆ. ಮಳೆಗಾಲದ ಸಾಮಾನ್ಯ ವಾಂತಿಭೇದಿಯ ವಿಷಯದಲ್ಲಂತೂ 2018ರಲ್ಲಿ ಒಟ್ಟಿಗೇ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು, ಅಮೆರಿಕದಲ್ಲಿ 971 ಮಕ್ಕಳ ಮೇಲೆ ಜಿಜಿ ತಳಿಯದ್ದು ಮತ್ತು ಕೆನಡಾದಲ್ಲಿ 886 ಮಕ್ಕಳ ಮೇಲೆ ಬೇರೊಂದು ಮಿಶ್ರಣದ್ದು, ಹೋಲಿಕೆಗೆಂದು ಕೊಟ್ಟ, ಜೀವಿಯಿಲ್ಲದ ಹುಸಿಪುಡಿಗಿಂತ ಹೆಚ್ಚಿನ ಪ್ರಯೋಜನ ತೋರಿಸಲಿಲ್ಲ. ಸೋಂಕು ರಕ್ತಕ್ಕಿಳಿದರೆ ಈ ಗುಂಪಿಗೊಂದು ತೊಡಕಿದೆ. ರಾಮ್ನೋಸಸ್‌ನಂಥ ಜಾತಿಗಳು ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಹುಟ್ಟಿನಿಂದಲೇ ಬಗ್ಗುವುದಿಲ್ಲ. ಕೊಳವೆಯಿರುವ ಮಗುವಿಗೆ ಜ್ವರ ಬಂದಾಗ ವೈದ್ಯರು ಬಹಳ ಸಲ ಕೈಗೆತ್ತಿಕೊಳ್ಳುವ ಔಷಧಿಗಳಲ್ಲಿ ಅದೂ ಒಂದು. ಪೆನಿಸಿಲಿನ್ ಬಳಗದ ಔಷಧಿಗಳು ಸಾಮಾನ್ಯವಾಗಿ ಕೆಲಸ ಮಾಡುತ್ತವೆ ಎಂಬುದೇ ಸಮಾಧಾನ.

ಸ್ಯಾಕರೋಮೈಸಿಸ್ ಬೌಲಾರ್ಡಿ ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಫ್ರಾನ್ಸಿನ ಹೆನ್ರಿ ಬೌಲಾರ್ಡ್ 1920ರ ದಶಕದಲ್ಲಿ ಇಂಡೋಚೀನಾದಲ್ಲಿ ಲಿಚಿ ಮತ್ತು ಮ್ಯಾಂಗೋಸ್ಟೀನ್ ಹಣ್ಣುಗಳಿಂದ ಇದನ್ನು ಬೇರ್ಪಡಿಸಿದರು. ಮ್ಯಾಂಗೋಸ್ಟೀನ್ ನಮ್ಮ ಉಪ್ಪಾಗೆ, ಮುರುಗಲುಗಳ ಕುಲದ ಹಣ್ಣೇ. ಹಾಗೆಂದ ಮಾತ್ರಕ್ಕೆ ಮುರುಗಲಿನ ಸಾರಿನಲ್ಲಿ ಈ ಯೀಸ್ಟ್ ಇದೆ ಎಂದು ಯಾರೂ ಭಾವಿಸಬೇಕಿಲ್ಲ. ಆ್ಯಂಟಿಬಯಾಟಿಕ್‌ಗಳು ಯೀಸ್ಟನ್ನು ಕೊಲ್ಲುವುದಿಲ್ಲವಾದ್ದರಿಂದ ಎರಡನ್ನೂ ಜೊತೆಯಲ್ಲಿ ಕೊಡಬಹುದು, ಫ್ರಿಜ್ಜೂ ಬೇಕಾಗುವುದಿಲ್ಲ. ಆರೋಗ್ಯವಂತ ಮಗುವಿಗೆ ಇವು ಅನುಕೂಲಗಳೇ. ದುರ್ಬಲ ಮಕ್ಕಳ ಮಟ್ಟಿಗೆ ಮಾತ್ರ ಕಪಾಟಿನಲ್ಲಿರುವ ಎಲ್ಲದರಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೆ. ಪ್ಯಾಕೆಟ್ ಹರಿದಾಗ ಈ ಯೀಸ್ಟ್ ಸಣ್ಣ ಧೂಳಾಗಿ ಗಾಳಿಗೆ ಏಳುತ್ತದೆ, ಕೈಗೆ ಅಂಟುತ್ತದೆ, ಪಕ್ಕದ ಹಾಸಿಗೆಗೂ ದಾಟುತ್ತದೆ. ಪ್ರೋಬಯಾಟಿಕ್ ಪಡೆಯದ, ಆದರೆ ಪಡೆಯುತ್ತಿದ್ದವರ ಪಕ್ಕದಲ್ಲಿ ಮಲಗಿದ್ದ ರೋಗಿಗಳ ರಕ್ತದಲ್ಲೂ ಇದು ಕಾಣಿಸಿಕೊಂಡಿದೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಇದನ್ನು ತೀವ್ರ ಅಸ್ವಸ್ಥರಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಕೊಡಲೇಬಾರದು ಎಂದು ಸೂಚಿಸಿತು. ಸೆಂಟ್ರಲ್ ಲೈನ್ ಇದ್ದವರಿಗೆ ಕೊಡಬಾರದೆಂಬ ನಿಷೇಧ ಅದಕ್ಕೂ ಮೊದಲೇ ಇತ್ತು. ರಕ್ತಕ್ಕಿಳಿದ ಯೀಸ್ಟಿಗೆ ಶಿಲೀಂಧ್ರನಾಶಕ ಔಷಧಿ ಕೊಡಬೇಕು, ಹೆಚ್ಚಿನ ಸಂದರ್ಭಗಳಲ್ಲಿ ಕೊಳವೆಯನ್ನೂ ತೆಗೆಯಬೇಕಾಗುತ್ತದೆ. ರಕ್ತನಾಳ ಸಿಗದೆ ಒದ್ದಾಡುವ ಮಗುವಿಗೆ ಹೊಸ ಕೊಳವೆ ಹಾಕಿಸುವುದೆಂದರೆ ಏನೆಂದು ಅನುಭವಿಸಿದ ಮನೆಯವರಿಗೆ ಹೇಳಬೇಕಿಲ್ಲ.

ಬ್ಯಾಸಿಲಸ್ ಕ್ಲಾಸಿ ನಮ್ಮಲ್ಲಿ ಸಣ್ಣ ಪ್ಲಾಸ್ಟಿಕ್ ಕುಪ್ಪಿಗಳಲ್ಲಿ ಬರುವ, ರುಚಿಯೂ ವಾಸನೆಯೂ ಇಲ್ಲದ ನೀರಿನಂಥ ದ್ರವ. ಐದು ಮಿಲಿಲೀಟರಿನ ಸಾಮಾನ್ಯ ಕುಪ್ಪಿಯಲ್ಲಿ 200 ಕೋಟಿ ಬೀಜಕಣಗಳಿರುತ್ತವೆ. ಬೀಜಕಣವೆಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಬ್ಯಾಕ್ಟೀರಿಯಾ. ಬಿಸಿಗೂ ಹೊಟ್ಟೆಯ ಆಮ್ಲಕ್ಕೂ ಅದು ಜಗ್ಗುವುದಿಲ್ಲ, ಹಲವು ಆ್ಯಂಟಿಬಯಾಟಿಕ್‌ಗಳಿಗೂ ಬಗ್ಗುವುದಿಲ್ಲ. ಮಾರಾಟದ ಮಾತಿನಲ್ಲಿ ಹೆಚ್ಚುಗಾರಿಕೆಯಾಗಿ ಬರುವ ಈ ಕೊನೆಯ ಗುಣ ರಕ್ತನಂಜಿನ ಹೊತ್ತಿಗೆ ತಲೆನೋವಾಗುತ್ತದೆ. ಇದನ್ನು ಕುಡಿದ ಮಕ್ಕಳ ರಕ್ತದಲ್ಲಿ ಇದೇ ಜೀವಿ ಬೆಳೆದ ಪ್ರಕರಣಗಳನ್ನು ಭಾರತದ ವೈದ್ಯರೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. 'ಬರೀ ನೀರಿನ ಹಾಗಿದೆ, ಎಂಥ ಆಗುತ್ತದೆ' ಎಂಬ ಮಾತನ್ನು ಅಂಗಡಿಯಲ್ಲಿ ಅತಿ ಹೆಚ್ಚು ಕೇಳುವುದು ಈ ಕುಪ್ಪಿಯ ಬಗ್ಗೆಯೇ.

ನಾಲ್ಕಾರು, ಎಂಟು ತಳಿಗಳನ್ನು ಕೂಡಿಸಿದ ಮಿಶ್ರಣಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ. ತಳಿಗಳು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬುದಕ್ಕೆ ದುರ್ಬಲ ಮಕ್ಕಳಲ್ಲಿ ಆಧಾರವಿಲ್ಲ, ಎಡವಟ್ಟಾದಾಗ ಯಾವುದರಿಂದ ಎಂದು ಹುಡುಕುವ ಕೆಲಸ ಮಾತ್ರ ಹೆಚ್ಚುತ್ತದೆ. ಮಿಶ್ರಣದಲ್ಲಿ ಎಂಟೆರೋಕಾಕಸ್ ಎಂಬ ಹೆಸರಿದ್ದರೆ ನಾನಾದರೆ ಹಿಂದಿರುಗಿಸುತ್ತೇನೆ. ಆ ಕುಲ ಆಸ್ಪತ್ರೆಯ ಸೋಂಕುಗಳಲ್ಲಿ ಮೊದಲೇ ಹೆಸರು ಮಾಡಿದೆ, ಔಷಧಿಗೆ ಬಗ್ಗದ ಗುಣವನ್ನು ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟಿಸುವುದಕ್ಕೂ ಹೆಸರಾಗಿದೆ. ಕೆಲವು ಪುಡಿಗಳಲ್ಲಿ ಹಾಲಿನ ಪ್ರೋಟೀನಿನ ಅಂಶವಿರುವುದರಿಂದ ಹಾಲು ಒಗ್ಗದ, ಅಲರ್ಜಿಯಿರುವ ಮಗುವಿನ ಮನೆಯವರು ಸಣ್ಣಕ್ಷರಗಳನ್ನೂ ಓದಬೇಕು.

ಮನೆಯ ಮೊಸರು, ಮಜ್ಜಿಗೆ, ತಂಬುಳಿ

ಪುಡಿ ಬೇಡವೆಂದರೆ ಮರುಕ್ಷಣ ಬರುವ ಪ್ರಶ್ನೆ, "ಹಾಗಾದರೆ ಮಜ್ಜಿಗೆ ಕೊಡಬಹುದಾ?" ಮನೆಯ ಮೊಸರಿನಲ್ಲೂ ಜೀವಂತ ಬ್ಯಾಕ್ಟೀರಿಯಾಗಳಿವೆ. ಆದರೆ ಯಾವ ತಳಿ, ಎಷ್ಟು ಎಂದು ಗೊತ್ತಿಲ್ಲದ್ದರಿಂದ ಲೆಕ್ಕಕ್ಕೆ ಅದು ಪ್ರೋಬಯಾಟಿಕ್ ಅಲ್ಲ, ಆಹಾರ. ಕೊಳವೆಯೂ ಕೀಮೋವೂ ಇಲ್ಲದ ಹೆಚ್ಚಿನ ಮಕ್ಕಳಿಗೆ, ಒಂದು ವರ್ಷದ ಆಸುಪಾಸು ದಾಟಿ ಅನ್ನ ತಿನ್ನುವವರಿಗೆ, ಚೆನ್ನಾಗಿ ಕಾಯಿಸಿದ ಹಾಲಿನ ಹೊಸ ಮೊಸರಿಗೆ ನೀರು ಬೆರೆಸಿದ ಮಜ್ಜಿಗೆ, ಒಂದು ಚಿಟಿಕೆ ಉಪ್ಪು, ಒಳ್ಳೆಯ ಆಹಾರವೇ. ಭೇದಿಯ ಹೊತ್ತಿನಲ್ಲಿ ಗಂಜಿಯ ಜೊತೆ ಕೊಡುವ ನಮ್ಮ ಹಳೆಯ ಪದ್ಧತಿಯಲ್ಲಿ ತಪ್ಪು ಹುಡುಕಲು ನನಗೆ ಕಾರಣ ಕಾಣುವುದಿಲ್ಲ.

ಬಿಳಿ ರಕ್ತಕಣ ಕುಸಿದ ಮಗುವಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಕೊಟ್ಟಿಗೆಯಿಂದ ನೇರ ಬಂದ, ಕಾಯಿಸದ ಹಾಲು, ಅದು ಮಲೆನಾಡು ಗಿಡ್ಡ ಹಸುವಿನದ್ದೇ ಆಗಿರಲಿ, ಬೇಡ. ಮಡಕೆಯಲ್ಲಿ ಮೂರು ದಿನ ಹುಳಿಯಾದ, ಮಳೆಗಾಲದಲ್ಲಿ ಮೇಲೆ ನವಿರಾಗಿ ಬೂಷ್ಟು ಕಟ್ಟಿದ ಮೊಸರೂ ಬೇಡ. ಕಾಯಿಸಿದ ಹಾಲಿಗೆ ಶುಚಿಯಾದ ಹೆಪ್ಪು ಹಾಕಿ ಆ ದಿನವೇ ಬಳಸುವ ಮೊಸರನ್ನು ಕೆಲವು ಕ್ಯಾನ್ಸರ್ ಘಟಕಗಳು ಒಪ್ಪುತ್ತವೆ, ಇನ್ನು ಕೆಲವು ಘಟಕಗಳು ಬಿಳಿ ಕಣಗಳ ಸಂಖ್ಯೆ ಏರುವ ತನಕ ತಡೆಯುತ್ತವೆ. ಆ ಘಟಕ ಹೇಳಿದಂತೆ ನಡೆಯುವುದೇ ಸರಿ. ತಂಬುಳಿಯ ಕಥೆ ಇನ್ನೊಂದು. ಒಂದೆಲಗ ಗದ್ದೆಯ ಬದುವಿನಲ್ಲಿ, ತೇವದ ಮಣ್ಣಿಗೆ ತಾಗಿಕೊಂಡು ಹಬ್ಬುವ ಸೊಪ್ಪು. ಅದನ್ನು ಹಸಿಯಾಗಿಯೇ ಅರೆದು ಮಜ್ಜಿಗೆಗೆ ಬೆರೆಸುವಾಗ ಅಪಾಯ ಮಜ್ಜಿಗೆಗಿಂತ ಸೊಪ್ಪಿನಲ್ಲಿ ಹೆಚ್ಚು. ಕೀಮೋ ನಡೆಯುವ ತಿಂಗಳುಗಳಲ್ಲಿ ಹಸಿ ತಂಬುಳಿಯನ್ನು ದೊಡ್ಡವರ ಊಟಕ್ಕೆ ಇಟ್ಟುಕೊಂಡು ಮಗುವಿಗೆ ಬೇಯಿಸಿದ್ದನ್ನು ಬಡಿಸುವುದು ಒಳ್ಳೆಯದು.

ಜೀವವಿಲ್ಲದ ಆಯ್ಕೆಗಳು

ಓಆರ್‌ಎಸ್ ಮತ್ತು ಜಿಂಕ್ ಬಗ್ಗೆ ಜನರಿಗೆ ಅಸಡ್ಡೆ, ಏಕೆಂದರೆ ಅವು ಅಗ್ಗ. ಆದರೆ ಭೇದಿಯಲ್ಲಿ ಮಗುವಿನ ಜೀವಕ್ಕೆ ಎರವಾಗುವುದು ನೀರು ಮತ್ತು ಲವಣದ ನಷ್ಟ. ಆ ನಷ್ಟ ತುಂಬುವುದು ಪುಡಿಯ ಬ್ಯಾಕ್ಟೀರಿಯಾ ಅಲ್ಲ, ಓಆರ್‌ಎಸ್. ದೊಡ್ಡ ಪ್ಯಾಕೆಟ್ ಆದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಪ್ಯಾಕೆಟ್, ಅರ್ಧ ಲೋಟಕ್ಕೆ ಒಂದು ಚಿಟಿಕೆ ಅಲ್ಲ. ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯ ಇದಕ್ಕೆ ಬದಲಿಯಲ್ಲ. ಜಿಂಕ್ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10 ಮಿಲಿಗ್ರಾಂ, ಭೇದಿ ನಿಂತ ಮೇಲೂ ಸೇರಿಸಿ 10ರಿಂದ 14 ದಿನ. ಆದರೆ ತೀವ್ರ ಅಪೌಷ್ಟಿಕತೆ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವ ಮಗುವಿಗೆ ಓಆರ್‌ಎಸ್ ಕೂಡ ವೈದ್ಯರು ಹೇಳಿದ ಅಳತೆಯಲ್ಲೇ ಹೋಗಬೇಕು, ಹೆಚ್ಚಾದ ಲವಣವೂ ನೀರೂ ಅಂಥ ದೇಹಕ್ಕೆ ಭಾರ.

ಬಿಸಿಯಿಂದ ಸಾಯಿಸಿದ ಲ್ಯಾಕ್ಟೋಬ್ಯಾಸಿಲಸ್ ಇರುವ ಪುಡಿಗಳೂ ಮಾರುಕಟ್ಟೆಯಲ್ಲಿವೆ. ಬೆಳೆಯುವ ಜೀವವಿಲ್ಲದ ಕಾರಣ ರಕ್ತಕ್ಕಿಳಿದು ಬೆಳೆಯುವ ಭಯ ಅವುಗಳಲ್ಲಿಲ್ಲ. ಭೇದಿಗೆ ಅವುಗಳ ಉಪಯೋಗದ ಆಧಾರ ತೆಳುವಾಗಿಯೇ ಇದೆ, ಆದ್ದರಿಂದ ಕೇಳಿದವರಿಗೆ ಓಆರ್‌ಎಸ್ ಬಿಟ್ಟು ಇದನ್ನು ಕೊಡಿ ಎಂದು ನಾನು ಹೇಳುವುದಿಲ್ಲ.

ಯಾವ ಮಗುವಿಗೆ ಯಾವುದು

ದಿನ ತುಂಬದೆ ಹುಟ್ಟಿದ ಮಗುವಿನ ವಿಷಯ ಎಲ್ಲಕ್ಕಿಂತ ಜಟಿಲ, ಏಕೆಂದರೆ ಪ್ರೋಬಯಾಟಿಕ್‌ನಿಂದ ಹೆಚ್ಚು ಲಾಭದ ಸಾಧ್ಯತೆಯೂ ಹೆಚ್ಚು ಅಪಾಯವೂ ಅಲ್ಲೇ ಸೇರುತ್ತವೆ. ಅಂಥ ಮಕ್ಕಳ ಕರುಳಿನ ಗೋಡೆ ಕೊಳೆಯುವ ನೆಕ್ರೋಟೈಸಿಂಗ್ ಎಂಟರೋಕೊಲೈಟಿಸ್ ಎಂಬ ಭೀಕರ ಕಾಯಿಲೆಯನ್ನು ಪ್ರೋಬಯಾಟಿಕ್ ತಗ್ಗಿಸಬಹುದು ಎಂದು 11,156 ಶಿಶುಗಳ ಮೇಲಿನ 60 ಪ್ರಯೋಗಗಳನ್ನು ನೋಡಿದ 2023ರ ಕೊಕ್ರೇನ್ ವಿಮರ್ಶೆ ಹೇಳುತ್ತದೆ. ಆದರೆ ಅತಿ ಚಿಕ್ಕ ಶಿಶುಗಳ ಮಟ್ಟಿಗೆ ಮಾಹಿತಿ ಸಾಲದೆಂದೂ ಅದೇ ಹೇಳುತ್ತದೆ. ಪ್ರಯೋಗಗಳು ಪರಸ್ಪರ ಒಪ್ಪುವುದೂ ಇಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 1,099 ಶಿಶುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಕಾಯಿಲೆ ಶೇ. 4.4ರಿಂದ ಶೇ. 2ಕ್ಕೆ ಇಳಿದರೆ, ಇಂಗ್ಲೆಂಡಿನಲ್ಲಿ ಬೇರೊಂದು ತಳಿಯನ್ನು ಬಳಸಿ 2016ರಲ್ಲಿ ಪ್ರಕಟವಾದ ಅದಕ್ಕಿಂತ ದೊಡ್ಡ ಪ್ರಯೋಗದಲ್ಲಿ ಪ್ರಯೋಜನವೇ ಕಾಣಲಿಲ್ಲ.

ಹಾಗಾಗಿ ಪರಿಣತರ ಸಂಸ್ಥೆಗಳ ಸಲಹೆಗಳೂ ಭಿನ್ನವಾಗಿವೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2021ರಲ್ಲಿ, ದಿನ ತುಂಬದ ಶಿಶುಗಳಿಗೆ, ಅದರಲ್ಲೂ ಒಂದು ಕಿಲೋಗಿಂತ ಕಡಿಮೆ ತೂಕದವರಿಗೆ, ಇದನ್ನು ವಾಡಿಕೆಯಾಗಿ ಕೊಡುವುದನ್ನು ಬೆಂಬಲಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 32 ವಾರಗಳಿಗೆ ಮೊದಲೇ ಹುಟ್ಟಿ ಎದೆಹಾಲು ಪಡೆಯುವ ಶಿಶುಗಳಿಗೆ ಪರಿಗಣಿಸಬಹುದು ಎಂದಿತು. 2023ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆಯಲ್ಲೇ ಬೈಫಿಡೋಬ್ಯಾಕ್ಟೀರಿಯಂ ಎಂಬ ಪ್ರೋಬಯಾಟಿಕ್ ಪಡೆದ ಅಕಾಲಿಕ ಶಿಶುವೊಂದು ಅದೇ ಬ್ಯಾಕ್ಟೀರಿಯಾದ ರಕ್ತನಂಜಿನಿಂದ ತೀರಿಕೊಂಡಿತು. ವಂಶವಾಹಿ ಪರೀಕ್ಷೆಯಲ್ಲಿ ಎರಡೂ ಒಂದೇ ಎಂದು ತಿಳಿಯಿತು. ಆ ದೇಶದ ಆಹಾರ ಮತ್ತು ಔಷಧ ಆಡಳಿತ ವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆದು, 2018ರಿಂದೀಚೆಗೆ ಎರಡು ಡಜನ್‌ಗಿಂತ ಹೆಚ್ಚು ತೊಂದರೆಯ ವರದಿಗಳು ಬಂದಿವೆ ಎಂದೂ, ಶಿಶುಗಳಿಗೆ ಔಷಧಿಯಾಗಿ ತಾನು ಯಾವ ಪ್ರೋಬಯಾಟಿಕ್ಕನ್ನೂ ಅನುಮೋದಿಸಿಲ್ಲ ಎಂದೂ ತಿಳಿಸಿತು. ಅದಕ್ಕೂ ಮೊದಲು 2014ರಲ್ಲಿ ಇನ್ನೊಂದು ಅಕಾಲಿಕ ಶಿಶು ಸತ್ತದ್ದು ಪ್ರೋಬಯಾಟಿಕ್ ಜೀವಿಯಿಂದಲ್ಲ, ಆ ಪುಡಿಯೊಳಗೆ ಸೇರಿಕೊಂಡಿದ್ದ ಬೂಷ್ಟಿನಿಂದ. ಅದೇ ಬ್ಯಾಚಿನ, ತೆರೆಯದ ಡಬ್ಬಿಗಳಲ್ಲೂ ಬೂಷ್ಟು ಸಿಕ್ಕಿತು. ಅಡಿಕೆ ಸಿಪ್ಪೆಗೂ ಪೆಟ್ಟಿಗೆಯ ಬಟ್ಟೆಗೂ ಬೂಷ್ಟು ಹತ್ತುವುದನ್ನು ವರ್ಷವರ್ಷವೂ ನೋಡುವ ನಮಗೆ ಈ ಎರಡನೆಯ ಘಟನೆ ಬೇಗ ಅರ್ಥವಾಗಬೇಕು.

ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವನ್ನು ಅನೇಕರು ಉದಾಹರಿಸುತ್ತಾರೆ. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು ಅದರ ಆಹಾರವಾದ ಸಕ್ಕರೆಯ ಜೊತೆ ಒಂದು ವಾರ ಕೊಟ್ಟಾಗ ರಕ್ತನಂಜು ಮತ್ತು ಸಾವು ಸೇರಿ ಶೇ. 9ರಿಂದ ಶೇ. 5.4ಕ್ಕೆ ಇಳಿದದ್ದು ನಮ್ಮ ದೇಶದ ಹೆಮ್ಮೆಯ ಕೆಲಸವೇ. ಆದರೆ ಅವು ಎರಡು ಕಿಲೋ ಅಥವಾ ಹೆಚ್ಚು ತೂಕದ, 35 ವಾರ ತುಂಬಿದ, ಎದೆಹಾಲು ಕುಡಿಯುತ್ತಿದ್ದ ಶಿಶುಗಳು. ಶಿವಮೊಗ್ಗದ ಶಿಶು ಘಟಕದಲ್ಲಿ ಗಾಜಿನ ಪೆಟ್ಟಿಗೆಯೊಳಗಿರುವ 1,200 ಗ್ರಾಂ ಮಗುವಿಗೆ ಆ ಫಲಿತಾಂಶವನ್ನು ಎತ್ತಿ ಅಂಟಿಸುವಂತಿಲ್ಲ, ಅಂಗಡಿಯ ಬೇರೆ ತಳಿಗಂತೂ ಅಲ್ಲವೇ ಅಲ್ಲ. ಅಂಥ ಮಗುವಿಗೆ ಕೊಡಬೇಕೋ ಬೇಡವೋ ಎಂಬುದು ಘಟಕದ ವೈದ್ಯರ ತೀರ್ಮಾನ. ಮನೆಯವರ ಪಾಲಿಗೆ ಉಳಿಯುವ, ಯಾರೂ ತಕರಾರು ಮಾಡದ ಆಯ್ಕೆ ತಾಯಿಯ ಹಾಲು. ಹಿಂಡಿ ತೆಗೆದ ಎದೆಹಾಲು ಆ ಕರುಳಿನ ಕಾಯಿಲೆಯಿಂದ ಕಾಪಾಡುತ್ತದೆ, ಜೊತೆಗೆ ಎದೆಗವಚಿಕೊಂಡು ಮಲಗಿಸುವ ಕಾಂಗರೂ ಆರೈಕೆ. ಮನೆಗೆ ಬಂದ ಮೇಲೆ ಹೊಟ್ಟೆನುಲಿತಕ್ಕೆಂದು ಪ್ರೋಬಯಾಟಿಕ್ ಹನಿ ತರಿಸುವ ಬಂಧುಗಳ ಮಾತಿಗೆ ಬಾಣಂತಿ ಕಿವಿಗೊಡಬೇಕಿಲ್ಲ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ, ಅಸ್ಥಿಮಜ್ಜೆ ಕಸಿಯಾದ ಮಗುವಿಗೆ ಮನೆಯಲ್ಲಿ ತಾವಾಗಿ ಯಾವ ಪ್ರೋಬಯಾಟಿಕ್ಕನ್ನೂ ಆರಂಭಿಸಬಾರದು. ಕಸಿಯಾಗುತ್ತಿದ್ದ 30 ಮಕ್ಕಳಿಗೆ ಪ್ಲಾಂಟಾರಮ್ ತಳಿಯನ್ನು ಕೊಟ್ಟು, ರಕ್ತದಲ್ಲಿ ಅದು ಬೆಳೆಯಲಿಲ್ಲವೆಂದು ತೋರಿಸಿದ 2016ರ ಅಧ್ಯಯನವೊಂದಿದೆ. ಅದು ದಿನವೂ ರಕ್ತ ನೋಡುವ ಆಸ್ಪತ್ರೆಯೊಳಗಿನ ಕೆಲಸ, ಸಂಖ್ಯೆಯೂ ಚಿಕ್ಕದು. ಆಗುಂಬೆ ಘಾಟಿಯ ಮೇಲಿನ ಮನೆಯಲ್ಲಿ ರಾತ್ರಿ ಜ್ವರ ಬಂದರೆ ಮಣಿಪಾಲ ಸೇರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾವ ಕಾಯಿಲೆಗೇ ಆಗಲಿ ಸೆಂಟ್ರಲ್ ಲೈನ್ ಇರುವ ಮಗುವಿನ ವಿಷಯದಲ್ಲಿ ಯೀಸ್ಟ್ ಪುಡಿ ಮನೆಯೊಳಗೇ ಬರಬಾರದು. ತಂಗಿಗೆ ಬರೆದುಕೊಟ್ಟಿದ್ದರೂ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳುವುದು ಲೇಸು. ಹುಟ್ಟು ಹೃದಯರೋಗವಿರುವ, ಕವಾಟದ ತೊಂದರೆಯಿರುವ ಮಕ್ಕಳಲ್ಲಿ ರಕ್ತಕ್ಕಿಳಿದ ಬ್ಯಾಕ್ಟೀರಿಯಾ ಹೃದಯದ ಒಳಪದರದಲ್ಲಿ ಮನೆ ಮಾಡಬಲ್ಲದು. ಹೃದಯ ಶಸ್ತ್ರಚಿಕಿತ್ಸೆಯ ನಂತರ ಜಿಜಿ ತಳಿಯ ಪ್ರೋಬಯಾಟಿಕ್ ಪಡೆದ ಆರು ವಾರದ ಶಿಶುವಿನಲ್ಲಿ ಅದೇ ತಳಿಯ ರಕ್ತನಂಜು ಕಂಡದ್ದನ್ನು 2005ರಲ್ಲೇ ವೈದ್ಯರು ವರದಿ ಮಾಡಿದ್ದರು. ಅದೇ ವರದಿಯ ಇನ್ನೊಂದು ಮಗು ಮಿದುಳಿನ ಪಾರ್ಶ್ವವಾಯುವಿನ (ಸೆರೆಬ್ರಲ್ ಪಾಲ್ಸಿ), ಕರುಳಿಗೆ ನೇರ ಕೊಳವೆಯ ಮೂಲಕ ಆಹಾರ ಪಡೆಯುತ್ತಿದ್ದ, ಸೆಂಟ್ರಲ್ ಲೈನ್ ಇದ್ದ ಆರು ವರ್ಷದ್ದು.

ಕರುಳಿನ ಬಹುಭಾಗವನ್ನು ತೆಗೆದುಹಾಕಿರುವ ಮಗುವಿನಲ್ಲಿ ರಕ್ತನಂಜಿನ ಜೊತೆ ಇನ್ನೊಂದು ವಿಚಿತ್ರ ಅಪಾಯವಿದೆ. ಜೀರ್ಣವಾಗದೆ ಉಳಿದ ಸಕ್ಕರೆ, ಪಿಷ್ಟಗಳನ್ನು ಕೆಲವು ಲ್ಯಾಕ್ಟೋಬ್ಯಾಸಿಲಸ್‌ಗಳು ಡಿ-ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಅದು ರಕ್ತದಲ್ಲಿ ಸೇರಿದರೆ ಮಗು ಕುಡಿದವರಂತೆ ತೊದಲುತ್ತದೆ, ತೂರಾಡುತ್ತದೆ, ಮಂಕಾಗುತ್ತದೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುವ ಮೊದಲು ಈ ಕಾರಣ ನೆನಪಾಗಬೇಕು.

ತೀವ್ರ ಅಪೌಷ್ಟಿಕತೆಯ ಮಕ್ಕಳ ವಿಷಯ ಬೇಗ ಮುಗಿಯುತ್ತದೆ. ಮಲಾವಿಯಲ್ಲಿ 795 ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರೋಬಯಾಟಿಕ್ ಸೇರಿಸಿದ ಆಹಾರದಿಂದ ಚೇತರಿಕೆಯ ಪ್ರಮಾಣ ಹೆಚ್ಚಲಿಲ್ಲ. ಪುಡಿಯ ಹಣ ಊಟಕ್ಕೆ ಹೋಗಲಿ. ನೆಫ್ರೋಟಿಕ್ ಎಂಬ ಮೂತ್ರಪಿಂಡದ ಕಾಯಿಲೆಗೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಸ್ಟೀರಾಯ್ಡನ್ನು ದೀರ್ಘಕಾಲ ಪಡೆಯುವ ಮಕ್ಕಳಿಗೆ ಚೀಟಿ ಬರೆಯುವ ವೈದ್ಯರಿಗೆ ಸ್ಟೀರಾಯ್ಡಿನ ಮಾತನ್ನು ನೆನಪಿಸಿಯೇ ಕೇಳಬೇಕು, ಏಕೆಂದರೆ ಭೇದಿಗೆ ಹೋಗುವ ಊರಿನ ಕ್ಲಿನಿಕ್ ಬೇರೆ, ಮೂತ್ರಪಿಂಡಕ್ಕೆ ಹೋಗುವ ದೊಡ್ಡ ಆಸ್ಪತ್ರೆ ಬೇರೆ ಆಗಿರುವುದೇ ಹೆಚ್ಚು.

ಇಷ್ಟನ್ನು ಓದಿ ಪದೇಪದೇ ಶೀತವಾಗುವ, ಸ್ವಲ್ಪ ರಕ್ತಹೀನತೆಯಿರುವ, ಆಸ್ತಮಾಕ್ಕೆ ಪಂಪ್ ಬಳಸುವ ಮಗುವಿನ ತಾಯಿ ಗಾಬರಿಯಾಗಬೇಕಿಲ್ಲ. ಅವರು ಈ ಪಟ್ಟಿಯಲ್ಲಿಲ್ಲ.

ಕೊಡಲೇಬೇಕೆಂದು ವೈದ್ಯರು ಹೇಳಿದಾಗ

ಮಗುವಿನ ಪೂರ್ತಿ ಕಾಯಿಲೆ ತಿಳಿದ ವೈದ್ಯರೇ ಬರೆದುಕೊಟ್ಟರೆ, ಆಗ ಉಳಿದ ಪ್ರಶ್ನೆಗಳು ಬರುತ್ತವೆ. ಡಬ್ಬಿಯ ಮೇಲೆ ಜಾತಿಯ ಹೆಸರಿನ ಮುಂದೆ ತಳಿಯ ಗುರುತು ಇದೆಯೇ, ಅವಧಿ ಮುಗಿಯುವ ದಿನಕ್ಕೆ ಎಷ್ಟು ಜೀವಿಗಳು ಉಳಿದಿರುತ್ತವೆ ಎಂದು ಬರೆದಿದೆಯೇ ನೋಡಬೇಕು. ನಮ್ಮ ದೇಶದಲ್ಲಿ ಇದೇ ವಸ್ತು ಔಷಧಿಯಾಗಿಯೂ ಮಾರಾಟವಾಗುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆ ಹೊತ್ತು ಆಹಾರ ಪೂರಕವಾಗಿಯೂ ಮಾರಾಟವಾಗುತ್ತದೆ. ದುರ್ಬಲ ಮಗುವಿಗೆ ಆಹಾರ ಪೂರಕದ ಡಬ್ಬಿಯನ್ನು ಬದಲಿಯಾಗಿ ಕೊಡುವ ಅಂಗಡಿಯವರನ್ನು, ನನ್ನಂಥವರನ್ನೂ ಸೇರಿಸಿ, ಪ್ರಶ್ನಿಸಿ. ಫ್ರಿಜ್ಜಿನಲ್ಲಿಡಬೇಕಾದ ಪುಡಿಯನ್ನು ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟಿಲ್ಲದ ಮನೆಗೆ ತಿಂಗಳಿಗಾಗುವಷ್ಟು ಒಯ್ಯುವುದು ವ್ಯರ್ಥ. ಒಲೆಯ ಮೇಲಿನ ಹಲಗೆಯಲ್ಲಿ ತೇವ ಹೀರಿ ಗಂಟು ಕಟ್ಟಿದ ಪುಡಿಯನ್ನು ಎಸೆಯಬೇಕು. ಒಮ್ಮೆ ಒಡೆದ ಪ್ಯಾಕೆಟ್ಟನ್ನು ರಬ್ಬರ್ ಹಾಕಿ ಸಂಜೆಗೆ ಇಡುವಂತಿಲ್ಲ.

ಪುಡಿ ಬೆರೆಸುವ ಕೆಲಸ ಮಗು ಮಲಗಿರುವ ಕೋಣೆಯಲ್ಲಿ ಆಗಬಾರದು. ಬೆರೆಸಿದವರು ಸೋಪಿನಿಂದ ಕೈ ತೊಳೆಯಬೇಕು, ಕೊಳವೆಯ ಡ್ರೆಸಿಂಗ್ ಮುಟ್ಟುವವರು ಬೇರೆಯವರಾಗಿರಬೇಕು. ಶಸ್ತ್ರಚಿಕಿತ್ಸೆಯ ದಿನಾಂಕ ಹತ್ತಿರವಿದ್ದರೆ, ಹೊಸ ಕೊಳವೆ ಹಾಕಿಸುವುದಿದ್ದರೆ ಮುಂದುವರಿಸಬೇಕೇ ಎಂದು ಮತ್ತೆ ಕೇಳಬೇಕು. ಒಮ್ಮೆ ಬರೆದುಕೊಟ್ಟದ್ದು ಶಾಶ್ವತ ಅನುಮತಿಯಲ್ಲ.

ಈಗಾಗಲೇ ಕೊಟ್ಟಾಗಿದ್ದರೆ, ನಂತರದ ದಿನಗಳಲ್ಲಿ ಚಳಿ ಹಿಡಿದು ಜ್ವರ ಬಂದರೆ, ಮಗು ಮಂಕಾದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ಅಪರಾಧಿ ಭಾವದಿಂದ ಪುಡಿಯ ವಿಷಯ ಮುಚ್ಚಿಡಬೇಡಿ. ಖಾಲಿ ಪ್ಯಾಕೆಟ್ಟನ್ನೋ ಕುಪ್ಪಿಯನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದು ಮೊದಲ ಮಾತಿಗೇ ತೋರಿಸಿ. ರಕ್ತದಲ್ಲಿರುವ ಜೀವಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅಥವಾ ಬ್ಯಾಸಿಲಸ್ ಬೆಳೆದರೆ, ಹೊರಗಿನಿಂದ ಬೆರೆತ ಕಲ್ಮಶವೆಂದು ಪ್ರಯೋಗಾಲಯ ಬದಿಗಿಡುವ ಸಾಧ್ಯತೆ ಇದೆ. ಬೈಫಿಡೋಬ್ಯಾಕ್ಟೀರಿಯಂ ಆಮ್ಲಜನಕವಿದ್ದಲ್ಲಿ ಬೆಳೆಯುವುದಿಲ್ಲ, ಮಕ್ಕಳ ರಕ್ತವನ್ನು ಸಾಮಾನ್ಯವಾಗಿ ತುಂಬುವುದೋ ಆಮ್ಲಜನಕವಿರುವ ಬಾಟಲಿಗೆ. ಪ್ಯಾಕೆಟ್ ಕಂಡ ವೈದ್ಯರು ಇನ್ನೊಂದು ಬಾಟಲಿ ತರಿಸುತ್ತಾರೆ, ಔಷಧಿಯ ಆಯ್ಕೆಯನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತಾರೆ.